ಬೆಕ್ಕಿನ ಕೂದಲು, ಮಗುವಿನ ಉಸಿರು: ಮನೆಗೆ ಎಂಥ ವ್ಯಾಕ್ಯೂಮ್ ಕ್ಲೀನರ್ ಒಳ್ಳೆಯದು?

ಹಿಂದೆ ನಮ್ಮ ಮನೆಗಳಲ್ಲಿ ಬೆಕ್ಕಿನ ಜಾಗ ಹಿತ್ತಲಾಗಿತ್ತು. ಮೀನು ಕೊಯ್ಯುವ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ಕೂಗುತ್ತಿತ್ತು. ತಲೆಯೋ ಬಾಲವೋ ಸಿಕ್ಕಿದರೆ ಕಚ್ಚಿಕೊಂಡು ಹೋಗುತ್ತಿತ್ತು. ಈಗ ಕಾಲ ಬದಲಾಗಿದೆ. ಉದ್ದ ರೋಮದ ಪರ್ಷಿಯನ್ ಬೆಕ್ಕುಗಳು ಮನೆಯ ಒಳಗೇ ಬೆಳೆಯುತ್ತಿವೆ. ಸೋಫಾದಲ್ಲಿ ಕೂರುತ್ತವೆ, ಮಕ್ಕಳ ಹಾಸಿಗೆಯಲ್ಲಿ ಮಲಗುತ್ತವೆ, ಮಡಚಿಟ್ಟ ಮುಸಲ್ಲಾದ ಮೇಲೆ ಸುರುಳಿ ಸುತ್ತಿಕೊಳ್ಳುತ್ತವೆ. ಅವುಗಳ ಹಿಂದೆಯೇ ಕೂದಲು ಬರುತ್ತದೆ. ಕಪ್ಪು ಬುರ್ಖಾದ ಮೇಲೆ ಬಿಳಿ ಕೂದಲು, ಬಿಳಿ ಜುಬ್ಬಾದ ಮೇಲೆ ಕಂದು ಕೂದಲು!

ಹೀಗಾಗಿ ನನ್ನ ದವಾಖಾನೆಗೆ ಬರುವ ತಾಯಂದಿರು ಔಷಧಿಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. "ಡಾಕ್ಟ್ರೇ, ಬೆಕ್ಕಿನ ಕೂದಲಿಗೆ ಯಾವ ವ್ಯಾಕ್ಯೂಮ್ ಕ್ಲೀನರ್ ಒಳ್ಳೆಯದು?" ಇದು ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ ಎಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಮನೆಯಲ್ಲಿ ಅಸ್ತಮಾ ಅಥವಾ ಅಲರ್ಜಿ ಇರುವ ಒಂದು ಮಗುವಿದ್ದರೆ ಇದು ವೈದ್ಯರನ್ನೇ ಕೇಳಬೇಕಾದ ಪ್ರಶ್ನೆ. ಏಕೆಂದರೆ ತಪ್ಪು ಯಂತ್ರ ಕೊಂಡರೆ ನೆಲ ಸ್ವಚ್ಛವಾಗುತ್ತದೆ, ಮನೆಯ ಗಾಳಿ ಕೆಡುತ್ತದೆ.

ಯೂನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಮೊದಲನೆಯದು ನಮ್ಮನ್ನು ಸುತ್ತುವರಿದ ಗಾಳಿ. ಊಟ, ನೀರು, ನಿದ್ದೆ ಎಲ್ಲವೂ ಅದರ ನಂತರ ಬರುತ್ತವೆ. ಈ ಲೇಖನವನ್ನು ಓದುವಾಗ ಆ ಕ್ರಮವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಕಾಯಿಲೆ ಬರುವುದು ಕೂದಲಿನಿಂದಲೇ?

ಬೆಕ್ಕಿನ ಕೂದಲು ಮೂಗಿಗೆ ಹೋಗಿ ಅಲರ್ಜಿ ಬರುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ನಿಜವಾದ ಕಾರಣ ಬೇರೆ. ಬೆಕ್ಕಿನ ಜೊಲ್ಲಿನಲ್ಲಿ ಮತ್ತು ಅದರ ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಒಂದು ಬಗೆಯ ಪ್ರೋಟೀನ್ ಉತ್ಪತ್ತಿಯಾಗುತ್ತದೆ. ವೈದ್ಯರು ಇದನ್ನು ಫೆಲ್ ಡಿ 1 ಎಂದು ಕರೆಯುತ್ತಾರೆ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವುದರಿಂದ ಇದು ರೋಮಕ್ಕೆಲ್ಲ ಹರಡುತ್ತದೆ. ಜೊಲ್ಲು ಒಣಗಿದ ಮೇಲೆ ಚರ್ಮದ ಹೊಟ್ಟಿನ ಜೊತೆ ಉದುರಿ ಪುಡಿಯಾಗುತ್ತದೆ. ಆದ್ದರಿಂದ "ಕೂದಲು ಉದುರದ ಬೆಕ್ಕು ತಂದರೆ ಅಲರ್ಜಿ ಇಲ್ಲ" ಎಂಬ ಮಾತು ಸರಿಯಲ್ಲ. ಕೂದಲು ಕಡಿಮೆ ಇರುವ ಬೆಕ್ಕಿನಲ್ಲೂ ಜೊಲ್ಲು ಇದ್ದೇ ಇರುತ್ತದೆ.

ಈ ಪುಡಿ ಎಷ್ಟು ಸಣ್ಣದು? ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲನ್ನು ಒಂದು ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬೆಕ್ಕಿನ ಪ್ರೋಟೀನನ್ನು ಹೊತ್ತ ಕಣಗಳಲ್ಲಿ ಒಂದು ಪಾಲು 5 ಮೈಕ್ರಾನಿಗಿಂತ ಚಿಕ್ಕವು. ಇಂಥ ಕಣ ಬೇಗ ನೆಲಕ್ಕಿಳಿಯುವುದಿಲ್ಲ. ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಉಸಿರೆಳೆದಾಗ ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲರ್ಜಿಯ ಪ್ರಕೃತಿ ಇರುವವರಲ್ಲಿ ಅಲ್ಲಿಂದಲೇ ಸೀನು, ಮೂಗು ಸೋರುವುದು, ಕಣ್ಣು ತುರಿಕೆ, ಕೆಮ್ಮು, ಎದೆಯ ಸುಂಯ್‌ಗುಟ್ಟುವಿಕೆ ಆರಂಭವಾಗುತ್ತದೆ. ನಾವು ಯೂನಾನಿ ವೈದ್ಯರು ನಝ್ಲಾ ಮತ್ತು ಝೀಕುನ್ನಫಸ್ ಎಂದು ಹೇಳುವ ತೊಂದರೆಗಳಿವು. ಸುತ್ತಲಿನ ವಸ್ತುವೊಂದು ಕೆಲವರಿಗೆ ಮಾತ್ರ ಶೀತ ತರುತ್ತದೆ ಎಂಬುದು ಹಳೆಯ ಹಕೀಮರಿಗೂ ಗೊತ್ತಿತ್ತು. ವಸಂತ ಕಾಲದಲ್ಲಿ ಗುಲಾಬಿಯ ವಾಸನೆ ತಗುಲಿದಾಗ ಒಬ್ಬ ವಿದ್ವಾಂಸರಿಗೆ ಮೂಗು ಸೋರುವುದೇಕೆ ಎಂಬ ಬಗ್ಗೆ ವೈದ್ಯ ಅಬೂಬಕರ್ ಅರ್‍ರಾಝಿ ಸಾವಿರ ವರ್ಷಗಳಿಗೂ ಹಿಂದೆಯೇ ಒಂದು ಪ್ರಬಂಧ ಬರೆದಿದ್ದರು.

ಬೆಕ್ಕು ಸಾಕುವ ಎಲ್ಲರಿಗೂ ಅಲರ್ಜಿ ಬರುತ್ತದೆ ಎಂದು ಇದರ ಅರ್ಥವಲ್ಲ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಆಗುವವರಿಗೆ ಆ ಕಾಣದ ಪುಡಿಯೇ ಮುಖ್ಯ. ಸೋಫಾದ ಮೇಲಿನ ಕೂದಲನ್ನು ಕೈಯಲ್ಲಿ ಹೆಕ್ಕಬಹುದು. ಪುಡಿಯನ್ನು ಹೆಕ್ಕಲಾಗುವುದಿಲ್ಲ.

ಗುಡಿಸಿದ ನಂತರ ಹೆಚ್ಚಾದ ಕೆಮ್ಮು

ಒಬ್ಬ ತಾಯಿ ಏಳು ವರ್ಷದ ಮಗನನ್ನು ಕರೆತಂದಿದ್ದರು. "ದಿನಾ ಸಂಜೆ ವ್ಯಾಕ್ಯೂಮ್ ಹಾಕ್ತೇನೆ ಡಾಕ್ಟ್ರೇ. ಒಂದು ಕೂದಲು ಸಹ ಬಿಡುವುದಿಲ್ಲ. ಆದರೂ ಇವನಿಗೆ ರಾತ್ರಿ ಕೆಮ್ಮು ಜಾಸ್ತಿಯೇ ಆಗ್ತದೆ" ಎಂದರು. ಯಂತ್ರ ಹೇಗಿದೆ ಎಂದು ವಿಚಾರಿಸಿದೆ. ಅದು ಕಾರ್ ತೊಳೆಯುವವರು ಬಳಸುವಂಥ ಡ್ರಮ್ ಆಕಾರದ್ದು, ಒಳಗೆ ಒಂದು ಬಟ್ಟೆಯ ಫಿಲ್ಟರ್ ಮಾತ್ರ. ಮಗ ಅದೇ ಕೋಣೆಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ. ಕಿಟಕಿ ಮುಚ್ಚಿತ್ತು.

ಇಲ್ಲಿ ಏನಾಗುತ್ತಿತ್ತು ಎಂಬುದನ್ನು ಅರ್ಥ ಮಾಡಿಕೊಂಡರೆ ಯಂತ್ರ ಆರಿಸುವ ಅರ್ಧ ವಿದ್ಯೆ ಬಂದಂತೆ. ವ್ಯಾಕ್ಯೂಮ್ ಕ್ಲೀನರ್ ಒಂದು ಕಡೆಯಿಂದ ಗಾಳಿ ಎಳೆದುಕೊಂಡು ಇನ್ನೊಂದು ಕಡೆಯಿಂದ ಬಿಡುತ್ತದೆ. ಎಳೆದ ಗಾಳಿಯಲ್ಲಿ ಕೂದಲೂ ಇದೆ, ಪುಡಿಯೂ ಇದೆ. ಬಟ್ಟೆಯ ಫಿಲ್ಟರ್ ಕೂದಲನ್ನು ತಡೆಯುತ್ತದೆ. ಸಣ್ಣ ಪುಡಿ ನೂಲುಗಳ ಸಂದಿಯಿಂದ ದಾಟಿ ಹಿಂದಿನ ತೂತಿನಿಂದ ರಭಸವಾಗಿ ಹೊರಬರುತ್ತದೆ. ನೆಲದಲ್ಲಿ ಸುಮ್ಮನೆ ಬಿದ್ದಿದ್ದ ಪುಡಿಯನ್ನು ಎತ್ತಿ ಮಗುವಿನ ಮೂಗಿನ ಎತ್ತರಕ್ಕೆ ತೂರಿದಂತಾಯಿತು.

ಈ ಯಂತ್ರದ ಹುಟ್ಟಿನ ಕತೆಯಲ್ಲೂ ಇದೇ ಪಾಠವಿದೆ. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಧೂಳನ್ನು ಊದಿ ಎಬ್ಬಿಸುವ ಬದಲು ಹೀರಬೇಕು ಎಂದು ಯೋಚಿಸಿದರು. ಹೋಟೆಲೊಂದರ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಟ್ಟು ಹೀರಿ ನೋಡಿದರೆಂದೂ, ಧೂಳು ಕರವಸ್ತ್ರದ ಅಡಿಯಲ್ಲಿ ಅಂಟಿದ್ದನ್ನು ಕಂಡು ತನ್ನ ಯೋಚನೆ ಸರಿ ಎಂದು ಖಚಿತಪಡಿಸಿಕೊಂಡರೆಂದೂ ಹೇಳುತ್ತಾರೆ. ಅವರ ಯಂತ್ರ ಎಷ್ಟು ದೊಡ್ಡದಾಗಿತ್ತೆಂದರೆ ಅದನ್ನು ಕುದುರೆ ಎಳೆಯಬೇಕಿತ್ತು. ಅದನ್ನು ಬೀದಿಯಲ್ಲಿ ನಿಲ್ಲಿಸಿ ಪೈಪನ್ನು ಕಿಟಕಿಯ ಮೂಲಕ ಒಳಗೆ ಬಿಡುತ್ತಿದ್ದರು.

ಮನೆಯಲ್ಲಿ ಒಬ್ಬರೇ ಬಳಸಬಹುದಾದ ವಿದ್ಯುತ್ ಯಂತ್ರವನ್ನು ಮಾಡಿದವರು ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಪಟ್ಟಣದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವರು ಅಂಗಡಿಯೊಂದರಲ್ಲಿ ಗುಡಿಸುವ ಕೆಲಸದವರು. ಸ್ವತಃ ಅಸ್ತಮಾ ರೋಗಿ. ಜಮಖಾನೆ ಗುಡಿಸುವಾಗ ಏಳುವ ಧೂಳಿನಿಂದಲೇ ತನ್ನ ಕೆಮ್ಮು ಹೆಚ್ಚುತ್ತದೆ ಎಂದು ಕಂಡುಕೊಂಡ ಅವರು ಒಂದು ಫ್ಯಾನಿನ ಮೋಟಾರು, ಒಂದು ಪೊರಕೆಯ ಕೋಲು ಮತ್ತು ಧೂಳು ತುಂಬಲು ಒಂದು ದಿಂಬಿನ ಕವರ್ ಸೇರಿಸಿ ಯಂತ್ರ ಕಟ್ಟಿದರು. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದರ ಹಕ್ಕನ್ನು ಕೊಂಡ ಹೂವರ್ ಎಂಬವರ ಹೆಸರು ಮುಂದೆ ಜಗತ್ತಿಗೆ ಪರಿಚಯವಾಯಿತು. ಅಂದರೆ ಮನೆಯ ವ್ಯಾಕ್ಯೂಮ್ ಕ್ಲೀನರ್ ಹುಟ್ಟಿದ್ದೇ ಉಸಿರಾಟದ ತೊಂದರೆ ಇದ್ದ ಒಬ್ಬ ಬಡ ಕೆಲಸಗಾರನ ಕೈಯಲ್ಲಿ. ಹೀರುವ ಬಲದಷ್ಟೇ ಧೂಳನ್ನು ಹಿಡಿದಿಡುವ ಚೀಲವೂ ಆರಂಭದಿಂದಲೇ ಮುಖ್ಯವಾಗಿತ್ತು.

ಮೊದಲು ಕೇಳಿಕೊಳ್ಳಿ: ನಿಮಗೆ ಯಂತ್ರ ಬೇಕೇ?

ನಮ್ಮಲ್ಲಿ ಹೆಚ್ಚಿನ ಮನೆಗಳ ನೆಲ ಟೈಲ್ಸ್, ಮೊಸಾಯಿಕ್, ರೆಡ್ ಆಕ್ಸೈಡ್ ಅಥವಾ ಕಲ್ಲಿನದು. ಇಂಥ ನೆಲಕ್ಕೆ ಒದ್ದೆ ಬಟ್ಟೆಗಿಂತ ಉತ್ತಮವಾದದ್ದು ಇಲ್ಲ. ಒದ್ದೆ ಬಟ್ಟೆ ಪುಡಿಯನ್ನು ಹಾರಲು ಬಿಡುವುದಿಲ್ಲ. ಒಣ ಪೊರಕೆ ಮಾತ್ರ ಬೇಡ. ಅದು ಕೂದಲನ್ನು ಮೂಲೆಗೆ ಒಟ್ಟುಮಾಡಿ ಪುಡಿಯನ್ನು ಗಾಳಿಗೆ ಏರಿಸುತ್ತದೆ.

ಮನೆಯಲ್ಲಿ ಕಾರ್ಪೆಟ್ ಇಲ್ಲದಿದ್ದರೆ, ಸೋಫಾ ಬಟ್ಟೆಯದ್ದಾಗಿರದೆ ರೆಕ್ಸಿನ್ ಅಥವಾ ಮರದ್ದಾಗಿದ್ದರೆ, ಯಾರಿಗೂ ಅಲರ್ಜಿ ಇಲ್ಲದಿದ್ದರೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಸ್ವಲ್ಪ ಒದ್ದೆ ಮಾಡಿ ಸೋಫಾದ ಮೇಲೆ ಒಂದೇ ದಿಕ್ಕಿಗೆ ಎಳೆಯಿರಿ. ಕೂದಲು ಉಂಡೆಯಾಗಿ ಕೈಗೆ ಬರುತ್ತದೆ.

ಯಂತ್ರ ನಿಜಕ್ಕೂ ಉಪಯೋಗಕ್ಕೆ ಬರುವುದು ಬಟ್ಟೆಯ ಸೋಫಾ, ಕಾರ್ಪೆಟ್, ದಪ್ಪ ಮುಸಲ್ಲಾ, ಹತ್ತಿಯ ಹಾಸಿಗೆ, ಪರದೆ ಇರುವ ಮನೆಗಳಲ್ಲಿ. ಇವುಗಳ ನೂಲಿನೊಳಗೆ ಕೂದಲು ಹೆಣೆದುಕೊಳ್ಳುತ್ತದೆ, ಅದರ ಕೆಳಗೆ ಪುಡಿ ಇಳಿಯುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಅದೇ ಹಾಸಿಗೆಯಲ್ಲಿ ಧೂಳುಹುಳಗಳೂ ಚೆನ್ನಾಗಿ ಬೆಳೆಯುತ್ತವೆ. ಅವು ಅಸ್ತಮಾದ ಇನ್ನೊಂದು ದೊಡ್ಡ ಕಾರಣ.

ಕೊಳ್ಳುವಾಗ ನೋಡಬೇಕಾದ ಐದು ವಿಷಯಗಳು

1. ಫಿಲ್ಟರ್. "ಹೆಪಾ" ಎಂಬ ಪದವನ್ನು ಹುಡುಕಿ. ಅಮೆರಿಕದ ಅಳತೆಯ ಪ್ರಕಾರ ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾವನ್ನು ತಡೆಯಬೇಕು. ಯುರೋಪಿನ ಅಳತೆಯಲ್ಲಿ ಎಚ್ 13 ಎಂಬ ದರ್ಜೆ 99.95 ಶೇಕಡಾ ತಡೆಯುತ್ತದೆ. ಬೆಕ್ಕಿನ ಪುಡಿ ಇದಕ್ಕಿಂತ ದೊಡ್ಡದಾದ್ದರಿಂದ ಎರಡೂ ಸಾಕು. ಡಬ್ಬದ ಮೇಲೆ ದರ್ಜೆ ಅಥವಾ ಶೇಕಡಾವಾರು ಬರೆದಿದೆಯೇ ನೋಡಿ. "ಹೆಪಾ ಟೈಪ್", "ಹೆಪಾ ಮಾದರಿಯ" ಎಂದಷ್ಟೇ ಇದ್ದರೆ ಅದು ಆ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಅರ್ಥವಲ್ಲ.

2. ಸೋರದ ಮೈ. ಎಷ್ಟು ಒಳ್ಳೆಯ ಫಿಲ್ಟರ್ ಇದ್ದರೂ ಮುಚ್ಚಳದ ಸಂದಿಯಿಂದ ಗಾಳಿ ಹೊರಬಂದರೆ ಅದರಿಂದ ಪ್ರಯೋಜನವಿಲ್ಲ. ನೀರು ಸೋಸುವ ಬಟ್ಟೆಯ ಪಕ್ಕದಿಂದ ನೀರು ಹರಿದಂತೆ ಇದು. ಅಂಗಡಿಯಲ್ಲೇ ಯಂತ್ರವನ್ನು ಚಾಲೂ ಮಾಡಿಸಿ. ಮುಚ್ಚಳ ಮತ್ತು ಜೋಡಣೆಗಳ ಸುತ್ತ ಅಂಗೈ ಹಿಡಿದು ನೋಡಿ. ಗಾಳಿ ಹೊರಬರಬೇಕಾದದ್ದು ಫಿಲ್ಟರಿನ ಜಾಲರಿಯಿಂದ ಮಾತ್ರ. ಬೇರೆ ಎಲ್ಲಾದರೂ ಗಾಳಿ ತಾಗಿದರೆ ಆ ಯಂತ್ರ ಬೇಡ. ಮನೆಯಲ್ಲಿ ಈಗಾಗಲೇ ಯಂತ್ರವಿದ್ದರೆ ರಾತ್ರಿ ದೀಪ ಆರಿಸಿ, ಗಾಳಿ ಹೊರಬರುವ ಜಾಗಕ್ಕೆ ಟಾರ್ಚ್ ಹಿಡಿದು ಕಾರ್ಪೆಟ್ ಮೇಲೆ ಓಡಿಸಿ. ಬೆಳಕಿನಲ್ಲಿ ಧೂಳು ಹೊಗೆಯಂತೆ ಏಳುವುದು ಕಂಡರೆ ಆ ಫಿಲ್ಟರ್ ತನ್ನ ಕೆಲಸ ಮಾಡುತ್ತಿಲ್ಲ ಎಂದರ್ಥ.

3. ಚೀಲವೋ ಡಬ್ಬಿಯೋ? ಈಗ ಅಂಗಡಿಗಳಲ್ಲಿ ಚೀಲವಿಲ್ಲದ, ಪಾರದರ್ಶಕ ಡಬ್ಬಿಯ ಯಂತ್ರಗಳೇ ಹೆಚ್ಚು. ಚೀಲ ಕೊಳ್ಳುವ ಖರ್ಚಿಲ್ಲ ಎಂಬುದು ಅದರ ಲಾಭ. ಆದರೆ ಡಬ್ಬಿಯನ್ನು ತೆರೆದು ಬಡಿದು ಖಾಲಿ ಮಾಡುವಾಗ ಒಂದು ವಾರದ ಪುಡಿ ಒಟ್ಟಿಗೆ ಮುಖಕ್ಕೆ ಬರುತ್ತದೆ. ಮನೆಯಲ್ಲಿ ಅಸ್ತಮಾ ರೋಗಿ ಇದ್ದರೆ ಬಾಯಿ ಮುಚ್ಚಿಕೊಳ್ಳುವ ಬಿಸಾಡುವ ಚೀಲದ ಯಂತ್ರವೇ ಮೇಲು. ಕೊಳ್ಳುವ ಮೊದಲು ಆ ಚೀಲ ಮತ್ತು ಫಿಲ್ಟರ್ ನಿಮ್ಮ ಊರಿನಲ್ಲಿ ಸಿಗುತ್ತದೆಯೇ, ಒಂದರ ಬೆಲೆ ಎಷ್ಟು ಎಂದು ಕೇಳಿ. ಗಲ್ಫಿನಿಂದ ಬರುವಾಗ ಯಂತ್ರ ತರುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಯಂತ್ರ ಇಲ್ಲಿ, ಚೀಲ ದುಬೈಯಲ್ಲಿ ಎಂದಾದರೆ ಆರು ತಿಂಗಳ ನಂತರ ಅದು ಅಟ್ಟ ಸೇರುತ್ತದೆ.

4. ತಿರುಗುವ ಬ್ರಶ್. ಬಟ್ಟೆಯಲ್ಲಿ ಹೆಣೆದುಕೊಂಡ ಕೂದಲು ಬರೀ ಗಾಳಿಯ ಎಳೆತಕ್ಕೆ ಬರುವುದಿಲ್ಲ. ಅದನ್ನು ಬಾಚಿ ಎತ್ತಬೇಕು. ಅದಕ್ಕಾಗಿ ಉರುಳುವ ಬ್ರಶ್ ಇರುವ ತಲೆ ಬೇಕು. ಇದರಲ್ಲಿ ಎರಡು ವಿಧ. ಒಂದು ತನ್ನದೇ ಸಣ್ಣ ಮೋಟಾರಿನಿಂದ ತಿರುಗುವುದು. ಇನ್ನೊಂದು ಎಳೆಯುವ ಗಾಳಿಯ ರಭಸಕ್ಕೆ ತಿರುಗುವ ಟರ್ಬೋ ಬ್ರಶ್. ದಪ್ಪ ಕಾರ್ಪೆಟ್ಟಿನಲ್ಲಿ ಎರಡನೆಯದು ನಿಂತುಬಿಡುತ್ತದೆ. ಮೋಟಾರಿನದ್ದು ಬೆಲೆ ಹೆಚ್ಚಾದರೂ ಕೂದಲಿಗೆ ಅದೇ ಸರಿ. ಸೋಫಾ ಮತ್ತು ಹಾಸಿಗೆಗೆ ಅಂಗೈಯಗಲದ ಚಿಕ್ಕ ಮೋಟಾರ್ ಬ್ರಶ್ ಜೊತೆಗೆ ಕೊಡುತ್ತಾರೆಯೇ ಕೇಳಿ. ಬೆಕ್ಕು ಹೆಚ್ಚಾಗಿ ಮಲಗುವುದು ಅಲ್ಲಿಯೇ ತಾನೇ! ಟೈಲ್ಸ್ ನೆಲದಲ್ಲಿ ಗಟ್ಟಿ ಬಿರುಗೂದಲಿನ ಬ್ರಶ್ ಕೂದಲನ್ನು ಅತ್ತಿತ್ತ ಚದುರಿಸುತ್ತದೆ. ಅಲ್ಲಿ ಬ್ರಶ್ ನಿಲ್ಲಿಸುವ ಸ್ವಿಚ್ ಅಥವಾ ಮೆತ್ತನೆಯ ರೋಲರ್ ಬೇಕು. ಉರುಳಿಗೆ ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಬೇಕಾಗುತ್ತದೆ. ಆದ್ದರಿಂದ ಬ್ರಶ್ ಸುಲಭವಾಗಿ ಕಳಚಿ ಬರುತ್ತದೆಯೇ ಎಂದೂ ನೋಡಿಕೊಳ್ಳಿ.

5. ವ್ಯಾಟ್ ಲೆಕ್ಕಕ್ಕೆ ಮರುಳಾಗಬೇಡಿ. "ಇದು 2000 ವ್ಯಾಟ್, ಅದಕ್ಕಿಂತ ಸ್ಟ್ರಾಂಗ್" ಎಂದು ಅಂಗಡಿಯವರು ಹೇಳುತ್ತಾರೆ. ವ್ಯಾಟ್ ಎಂದರೆ ಯಂತ್ರ ತಿನ್ನುವ ಕರೆಂಟು, ಎಳೆಯುವ ಬಲವಲ್ಲ. ಯುರೋಪಿನ ಒಕ್ಕೂಟ 2017ರಿಂದ 900 ವ್ಯಾಟಿಗಿಂತ ಹೆಚ್ಚು ಕರೆಂಟು ತಿನ್ನುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಮಾರುಕಟ್ಟೆಗೆ ತರುವುದನ್ನೇ ನಿಲ್ಲಿಸಿದೆ. ಅಲ್ಲಿಯ ಮನೆಗಳ ಕಾರ್ಪೆಟ್ಟುಗಳು ಆಮೇಲೂ ಸ್ವಚ್ಛವಾಗಿಯೇ ಇವೆ. ಒಳ್ಳೆಯ ಬ್ರಶ್ ಮತ್ತು ಸೋರದ ಮೈ ಇದ್ದರೆ ಕಡಿಮೆ ವ್ಯಾಟ್ ಸಾಕು. ಹೆಚ್ಚು ವ್ಯಾಟಿನ ಯಂತ್ರ ಮನೆಯ ಇನ್ವರ್ಟರಿನಲ್ಲಿ ನಡೆಯದಿರಬಹುದು ಎಂಬುದನ್ನೂ ಮರೆಯಬೇಡಿ.

ಯಾವ ವಿಧ ಯಾರಿಗೆ?

ಪೈಪ್ ಇರುವ, ನೆಲದಲ್ಲಿ ಉರುಳಿಕೊಂಡು ಬರುವ ಯಂತ್ರ: ಅಲರ್ಜಿ ಇರುವ ಮನೆಗೆ ನನ್ನ ಮೊದಲ ಸಲಹೆ ಇದು. ಚೀಲ, ಹೆಪಾ ಫಿಲ್ಟರ್, ಮೋಟಾರ್ ಬ್ರಶ್ ಮೂರೂ ಒಂದೇ ಯಂತ್ರದಲ್ಲಿ ಸಿಗುವ ಸಾಧ್ಯತೆ ಇದರಲ್ಲಿ ಹೆಚ್ಚು. ತೂಕ ಎತ್ತಿ ನೋಡಿ. ಮಹಡಿ ಮೆಟ್ಟಿಲು ಹತ್ತಿಸಬೇಕಾದವರು ನೀವೇ.

ಒದ್ದೆ ಮತ್ತು ಒಣ ಎರಡಕ್ಕೂ ಆಗುವ ಡ್ರಮ್: ಚೆಲ್ಲಿದ ನೀರು, ಕಾರು, ಅಂಗಳಕ್ಕೆ ಒಳ್ಳೆಯದು. ಆದರೆ ಇವುಗಳಲ್ಲಿ ಹೆಚ್ಚಿನವುಗಳ ಫಿಲ್ಟರ್ ಸಾಧಾರಣ, ತಿರುಗುವ ಬ್ರಶ್ ಇರುವುದಿಲ್ಲ. ಬೆಕ್ಕು ಮತ್ತು ಅಸ್ತಮಾ ಎರಡೂ ಇರುವ ಮನೆಗೆ ಇದನ್ನು ಕೊಳ್ಳಬೇಡಿ.

ವಯರ್ ಇಲ್ಲದ ಕೋಲಿನಂಥ ಯಂತ್ರ: ಹಗುರ, ದಿನವೂ ಕೈಗೆತ್ತಿಕೊಳ್ಳಲು ಅನುಕೂಲ. ಜಾಹೀರಾತಿನಲ್ಲಿ ಹೇಳುವ 40 ಅಥವಾ 60 ನಿಮಿಷ ಅತಿ ಕಡಿಮೆ ವೇಗದ ಲೆಕ್ಕ. ಹೆಚ್ಚಿನ ವೇಗದಲ್ಲಿ ಬ್ರಶ್ ಸಮೇತ ಓಡಿಸಿದರೆ ಹಲವು ಯಂತ್ರಗಳ ಬ್ಯಾಟರಿ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಕೆಲವು ವರ್ಷಗಳ ನಂತರ ಬ್ಯಾಟರಿ ಬದಲಿಸಬೇಕು, ಅದರ ಬೆಲೆ ಮೊದಲೇ ಕೇಳಿ. ಡಬ್ಬಿಯನ್ನು ಖಾಲಿ ಮಾಡುವ ಸಮಸ್ಯೆ ಇದರಲ್ಲೂ ಇದೆ.

ತಾನೇ ಓಡಾಡುವ ರೋಬೋಟ್: ಟೈಲ್ಸ್ ನೆಲದ ಮೇಲಿನ ದಿನನಿತ್ಯದ ಕೂದಲಿಗೆ ಚೆನ್ನಾಗಿದೆ. ಸೋಫಾ ಹತ್ತುವುದಿಲ್ಲ, ಹಾಸಿಗೆ ಮುಟ್ಟುವುದಿಲ್ಲ. ಬೆಕ್ಕು ವಾಂತಿ ಮಾಡಿದ್ದರೆ ಅಥವಾ ಮರಿ ಮೂಲೆಯಲ್ಲಿ ಹೊಲಸು ಮಾಡಿದ್ದರೆ ಅದನ್ನು ಮನೆಯೆಲ್ಲ ಸವರಿಬಿಡುತ್ತದೆ. ಆಮೇಲೆ ಶುದ್ಧಿ ಮಾಡುವ ಕೆಲಸ ಯಂತ್ರದ್ದಲ್ಲ, ನಿಮ್ಮದು.

ಬಳಸುವ ಕ್ರಮ

ಒಳ್ಳೆಯ ಯಂತ್ರವನ್ನೂ ತಪ್ಪಾಗಿ ಬಳಸಿದರೆ ಫಲವಿಲ್ಲ. ಈ ಕ್ರಮವನ್ನು ಪಾಲಿಸಿ.

ಅಲರ್ಜಿ ಇಲ್ಲದವರು ಗುಡಿಸಲಿ. ಆ ಕೆಲಸ ಮನೆಯ ಹೆಂಗಸರದ್ದೇ ಆಗಬೇಕೆಂದಿಲ್ಲ. ತಾಯಿಗೇ ಅಸ್ತಮಾ ಇದ್ದರೆ ಗಂಡಂದಿರು, ದೊಡ್ಡ ಹುಡುಗರು ಯಂತ್ರ ಹಿಡಿಯಲಿ. ಮನೆಗೆಲಸದಲ್ಲಿ ಕೈಜೋಡಿಸುವುದು ಪ್ರವಾದಿಯವರ(ಸ) ಚರ್ಯೆ. ರೋಗಿಯೇ ಮಾಡಬೇಕಾದ ಅನಿವಾರ್ಯತೆ ಇದ್ದರೆ ಮುಖಕ್ಕೆ ಎನ್ 95 ಮಾಸ್ಕ್ ಇರಲಿ.

ಕಿಟಕಿ ತೆರೆಯಿರಿ, ಮಕ್ಕಳನ್ನು ಹೊರಗೆ ಕಳುಹಿಸಿ. ಮುಗಿದ ಮೇಲೆ ಒಂದು ಗಂಟೆಯಾದರೂ ಬಿಟ್ಟು ಒಳಗೆ ಕರೆಯಿರಿ. ಮಕ್ಕಳು ಶಾಲೆಗೆ ಅಥವಾ ಮದ್ರಸಕ್ಕೆ ಹೋದ ಹೊತ್ತು ಇದಕ್ಕೆ ಅತ್ಯುತ್ತಮ.

ಮೇಲಿನಿಂದ ಕೆಳಗೆ ಬನ್ನಿ. ಮೊದಲು ಪರದೆ, ನಂತರ ಸೋಫಾ ಮತ್ತು ಹಾಸಿಗೆ, ಕೊನೆಗೆ ನೆಲ. ಕೈ ನಿಧಾನವಾಗಿ ನಡೆಯಲಿ. ಒಂದು ಜಾಗದ ಮೇಲೆ ಎರಡು ದಿಕ್ಕಿನಿಂದಲೂ ಎಳೆಯಿರಿ. ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ನೆಲ ಒರೆಸಿ. ವಾರಕ್ಕೆ ಎರಡು ಬಾರಿ ಸಾಕು, ಕೂದಲು ಹೆಚ್ಚು ಉದುರುವ ದಿನಗಳಲ್ಲಿ ಮೂರು ಬಾರಿ.

ಚೀಲ ಪೂರ್ತಿ ತುಂಬುವ ಮೊದಲೇ ಬದಲಿಸಿ. ಡಬ್ಬಿಯಾದರೆ ಅಂಗಳಕ್ಕೆ ಒಯ್ದು, ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ನಿಧಾನವಾಗಿ ಖಾಲಿ ಮಾಡಿ ಬಾಯಿ ಕಟ್ಟಿ. ಬೆಕ್ಕಿಗೆ ಚಿಗಟ ಇದ್ದರೆ ಯಂತ್ರ ಅದರ ಮೊಟ್ಟೆಗಳನ್ನೂ ಹೀರಿರುತ್ತದೆ. ಆದ್ದರಿಂದ ಅಂದೇ ಖಾಲಿ ಮಾಡಬೇಕು. ಬೆಕ್ಕಿನ ಮೈಯಲ್ಲಿ ರೋಮ ಉದುರಿ ದುಂಡಗಿನ ಬೋಳು ಕಲೆ ಕಂಡರೆ ಅದು ಗಜಕರ್ಣ ಇರಬಹುದು. ಉದುರಿದ ಕೂದಲಿನಲ್ಲೂ ಆ ಶಿಲೀಂಧ್ರ ಬಹಳ ಕಾಲ ಬದುಕಿದ್ದು ಮಕ್ಕಳಿಗೆ ಅಂಟುತ್ತದೆ. ಬೆಕ್ಕನ್ನು ಪಶುವೈದ್ಯರಿಗೆ ತೋರಿಸಿ.

ಫಿಲ್ಟರ್ ತೊಳೆಯಬಹುದಾದದ್ದೇ ಎಂದು ಪುಸ್ತಿಕೆಯಲ್ಲಿ ನೋಡಿ. ತೊಳೆದರೆ ಪೂರ್ತಿ ಒಣಗದೆ ಹಾಕಬೇಡಿ. ಬೇಸಗೆಯಲ್ಲಿ ಒಂದು ದಿನ ಸಾಕು, ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಎರಡು ಮೂರು ದಿನ ಬೇಕಾಗಬಹುದು. ಒದ್ದೆ ಫಿಲ್ಟರಿನಲ್ಲಿ ಬೂಸ್ಟು ಬೆಳೆದರೆ ಯಂತ್ರವೇ ರೋಗ ಹರಡುತ್ತದೆ. ಒಂದು ಫಿಲ್ಟರ್ ಹೆಚ್ಚುವರಿ ಇಟ್ಟುಕೊಳ್ಳುವುದು ಜಾಣತನ.

ಬೆಕ್ಕಿನ ಮಲದ ಮರಳನ್ನು ವ್ಯಾಕ್ಯೂಮಿನಿಂದ ಎಳೆಯಬೇಡಿ. ಅದನ್ನು ಪ್ರತಿದಿನ ಸಲಿಕೆಯಿಂದ ತೆಗೆದು ಕಟ್ಟಿ ಬಿಸಾಡಿ. ಗರ್ಭಿಣಿಯರು ಆ ಕೆಲಸವನ್ನು ಮಾಡಲೇಬಾರದು. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಅದರಿಂದ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಹೊರಗೆ ಬಿದ್ದ ಮಲದಲ್ಲಿ ಅದು ಸೋಂಕು ತರುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಪ್ರತಿದಿನ ತೆಗೆಯಬೇಕು ಎನ್ನುವುದು ಅದಕ್ಕಾಗಿಯೇ.

ಮುಸಲ್ಲಾದ ಮೇಲಿನ ಕೂದಲು

"ಬೆಕ್ಕಿನ ಕೂದಲು ಇದ್ದರೆ ನಮಾಝ್ ಆಗುತ್ತದೆಯೇ?" ಎಂದು ವೈದ್ಯನಾದ ನನ್ನನ್ನೇ ಕೇಳುವವರಿದ್ದಾರೆ. ಬೆಕ್ಕು ಬಾಯಿ ಹಾಕಿದ ನೀರು ಅಶುದ್ಧವಲ್ಲ ಎಂದು ಪ್ರವಾದಿಯವರು(ಸ) ತಿಳಿಸಿದ ವಿಷಯವನ್ನು ಅಬೂಕತಾದ(ರ) ವರದಿ ಮಾಡಿರುವುದು ಎಲ್ಲರಿಗೂ ಗೊತ್ತಿದೆ. ಉದುರಿದ ಕೂದಲಿನ ವಿಷಯದಲ್ಲಿ ಮದ್ಹಬ್‌ಗಳ ನಡುವೆ ವ್ಯತ್ಯಾಸವಿದೆ. ಹನಫಿ ಮದ್ಹಬ್‌ನಲ್ಲಿ ಅದು ಶುದ್ಧ. ಶಾಫಿಈ ಮದ್ಹಬ್‌ನ ಪ್ರಕಾರ ಅದು ನಜಿಸ್, ಆದರೆ ಅಲ್ಪ ಪ್ರಮಾಣಕ್ಕೆ ವಿನಾಯಿತಿ ಇದೆ. ಹೆಚ್ಚಿನ ವಿವರವನ್ನು ನಿಮ್ಮ ಊರಿನ ಆಲಿಮರಲ್ಲಿ ಕೇಳಿ.

ವೈದ್ಯನಾಗಿ ನಾನು ಹೇಳಬೇಕಾದದ್ದು ಇಷ್ಟು. ಸುಜೂದಿನಲ್ಲಿ ನಮ್ಮ ಮೂಗು ಬಟ್ಟೆಗೆ ತಾಗುತ್ತದೆ. ಅಲರ್ಜಿ ಇರುವವರಿಗೆ ಕೋಣೆಯಲ್ಲಿ ಇದಕ್ಕಿಂತ ಹತ್ತಿರದ ಸಂಪರ್ಕ ಬೇರೆ ಇಲ್ಲ. ಆದ್ದರಿಂದ ಮುಸಲ್ಲಾವನ್ನು ಮಡಚಿ ಕಪಾಟಿನೊಳಗಿಡಿ, ಬೆಕ್ಕು ಮಲಗುವ ಜಾಗದಲ್ಲಿ ಇಡಬೇಡಿ. ಅಲರ್ಜಿ ಇರುವವರು ದಪ್ಪ ಮಖಮಲ್ ಮುಸಲ್ಲಾದ ಬದಲು ತೆಳುವಾದ ಹತ್ತಿಯದನ್ನು ಇಟ್ಟುಕೊಂಡು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಲಿ. ದಪ್ಪ ಮುಸಲ್ಲಾಗೆ ಚಿಕ್ಕ ಬ್ರಶ್ ಹಾಕಿ ಎರಡೂ ಬದಿಯಿಂದ ಎಳೆಯಿರಿ.

ಯಂತ್ರದಿಂದ ಆಗದ ಕೆಲಸ

ಎಷ್ಟೇ ಬೆಲೆಯ ವ್ಯಾಕ್ಯೂಮ್ ಕ್ಲೀನರ್ ಕೂಡ ಅಸ್ತಮಾವನ್ನು ಗುಣಪಡಿಸುವುದಿಲ್ಲ. ಬೆಕ್ಕು ಮನೆಯಲ್ಲಿ ಇರುವ ತನಕ ಪುಡಿ ದಿನವೂ ಹೊಸದಾಗಿ ಬರುತ್ತದೆ. ಅಷ್ಟೇ ಅಲ್ಲ, ಬೆಕ್ಕನ್ನು ಕಳುಹಿಸಿದ ಮೇಲೂ ಹಳೆಯ ಪುಡಿ ಹಾಸಿಗೆ ಸೋಫಾಗಳಲ್ಲಿ ಹಲವು ತಿಂಗಳು ಉಳಿಯುತ್ತದೆ. "ಬೆಕ್ಕು ಹೋಗಿ ಹದಿನೈದು ದಿನ ಆಯ್ತು, ಕೆಮ್ಮು ಹೋಗಲಿಲ್ಲ, ಅಂದರೆ ಕಾರಣ ಬೆಕ್ಕಲ್ಲ" ಎಂದು ತೀರ್ಮಾನಿಸಬೇಡಿ.

ಯಂತ್ರಕ್ಕಿಂತ ಹೆಚ್ಚು ಪ್ರಯೋಜನ ಕೊಡುವ ಒಂದು ಕೆಲಸ ಖರ್ಚಿಲ್ಲದ್ದು. ಮಗು ಮಲಗುವ ಕೋಣೆಗೆ ಬೆಕ್ಕನ್ನು ಬಿಡಬೇಡಿ. ಹಗಲೂ ಬಿಡಬೇಡಿ, ರಾತ್ರಿಯೂ ಬಿಡಬೇಡಿ. ಮಗು ದಿನದ ಮೂರನೇ ಒಂದು ಪಾಲನ್ನು ಅಲ್ಲಿ ಉಸಿರಾಡುತ್ತದೆ. ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಬೆಕ್ಕಿನ ಮೈಯನ್ನು ಅಲರ್ಜಿ ಇಲ್ಲದವರು ಮನೆಯ ಹೊರಗೆ ಬಾಚಲಿ. ಅಲ್ಲಿ ಬಾಚಿ ತೆಗೆದ ಕೂದಲು ಸೋಫಾಗೆ ಬರುವುದಿಲ್ಲ. ಬೆಕ್ಕಿಗೆ ಸ್ನಾನ ಮಾಡಿಸುವುದರ ಪರಿಣಾಮ ಕೆಲವೇ ದಿನ ಇರುತ್ತದೆ.

ಇನ್ನೊಂದು ಮಾತನ್ನು ಯೂನಾನಿ ವೈದ್ಯನಾಗಿಯೇ ಒತ್ತಿ ಹೇಳುತ್ತೇನೆ. ನಝ್ಲಾಕ್ಕೆ ಜೋಷಾಂದಾ ಕುಡಿಯಿರಿ, ಬಿಸಿ ಹಬೆ ತೆಗೆದುಕೊಳ್ಳಿ, ಆರಾಮ ಸಿಗುತ್ತದೆ. ಆದರೆ ಅಸ್ತಮಾಕ್ಕೆ ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ನಮ್ಮ ಔಷಧಿಯ ಹೆಸರಿನಲ್ಲಿಯೂ ನಿಲ್ಲಿಸಬೇಡಿ, ಹೊಸ ಯಂತ್ರ ಬಂತು ಎಂದೂ ನಿಲ್ಲಿಸಬೇಡಿ. ಮಗು ವೇಗವಾಗಿ ಉಸಿರಾಡುತ್ತಿದ್ದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಸೆಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ತುಟಿ ನೀಲಿಯಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಗಾಗಲಿ ಎಂದು ಕಾಯಬಾರದು.

ಕೆಮ್ಮು ಬೆಕ್ಕಿನಿಂದಲೇ ಎಂದು ನೀವೇ ನಿರ್ಧರಿಸುವುದೂ ಬೇಡ. ಧೂಳುಹುಳ, ಬೂಸ್ಟು, ಊದುಬತ್ತಿ ಮತ್ತು ಬಖೂರಿನ ಹೊಗೆ, ಮನೆಯವರ ಸಿಗರೇಟ್ ಎಲ್ಲವೂ ಅದೇ ಕೆಮ್ಮನ್ನು ತರುತ್ತವೆ. ಚರ್ಮದ ಮೇಲೆ ಮಾಡುವ ಅಲರ್ಜಿ ಪರೀಕ್ಷೆ ಅಥವಾ ರಕ್ತ ಪರೀಕ್ಷೆಯಿಂದ ಕಾರಣ ತಿಳಿಯಬಹುದು. ಮೊದಲು ಪರೀಕ್ಷೆ, ಆಮೇಲೆ ಯಂತ್ರ. ಮಗುವಿಗೆ ತೊಂದರೆ ಕೊಡುತ್ತಿರುವುದು ಅಪ್ಪನ ಸಿಗರೇಟ್ ಆಗಿದ್ದರೆ ಬೆಕ್ಕಿಗೆ ಶಿಕ್ಷೆ ಏಕೆ?

ಚಿಕಿತ್ಸೆ, ಸ್ವಚ್ಛತೆ ಎಲ್ಲವನ್ನೂ ಮಾಡಿದ ಮೇಲೂ ಮಗುವಿನ ಉಸಿರು ಹತೋಟಿಗೆ ಬಾರದಿದ್ದರೆ ಬೆಕ್ಕನ್ನು ಬೇರೆ ಮನೆಗೆ ಕೊಡಲೇಬೇಕಾಗುತ್ತದೆ. ಆಗ ಅಲರ್ಜಿ ಇಲ್ಲದ, ಸಾಕುವ ಮನಸ್ಸಿರುವ ಒಂದು ಮನೆಯನ್ನು ಹುಡುಕಿ ಕೊಡಿ. ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರ್ಕೆಟಿನಲ್ಲಿ ಬಿಟ್ಟುಬರಬೇಡಿ. ಒಳಗೇ ಬೆಳೆದ ಪರ್ಷಿಯನ್ ಬೆಕ್ಕಿಗೆ ಬೀದಿಯಲ್ಲಿ ಬದುಕುವುದು ಗೊತ್ತಿಲ್ಲ. ಬೆಕ್ಕೊಂದನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಮಹಿಳೆಗೆ ಒದಗಿದ ಗತಿಯ ಬಗ್ಗೆ ಪ್ರವಾದಿಯವರು(ಸ) ಕೊಟ್ಟ ಎಚ್ಚರಿಕೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆ ಮಕ್ಕಳು ನಮ್ಮ ನಡತೆಯನ್ನೂ ನೋಡುತ್ತಿರುತ್ತಾರೆ.

ಅಂಗಡಿಗೆ ಹೋಗುವಾಗ ಈ ಪುಟವನ್ನು ಜೊತೆಗೊಯ್ಯಿರಿ. ಹೆಪಾ ದರ್ಜೆ ಯಾವುದು, ಗಾಳಿ ಸೋರುತ್ತದೆಯೇ, ಚೀಲ ಊರಲ್ಲಿ ಸಿಗುತ್ತದೆಯೇ, ಬ್ರಶ್‌ಗೆ ಮೋಟಾರು ಇದೆಯೇ, ಸೋಫಾಗೆ ಚಿಕ್ಕ ಬ್ರಶ್ ಕೊಡುತ್ತೀರಾ ಎಂಬ ಐದು ಪ್ರಶ್ನೆಗಳನ್ನು ಕೇಳಿ. ಐದಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಮಾತ್ರ ಹಣ ಕೊಡಿ.